ಸರಳ ರೇಖೆಯ ಇಳಿಜಾರು: ಯಾವ ಎರಡು ಬಿಂದು ಹಿಡಿದರೂ ಉತ್ತರ ಒಂದೇ ಏಕೆ?

ಹಾಸನದ ತಾಯಿ

ಮಗಳು ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ ಈಗ ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಸರಳ ರೇಖೆಗಳ ಪಾಠ ಶುರುವಾಗಿದೆ. ಸೂತ್ರ ಬಾಯಿಪಾಠವಾಗಿದೆ: ಎರಡು ಬಿಂದುಗಳ ವೈ ವ್ಯತ್ಯಾಸವನ್ನು ಎಕ್ಸ್ ವ್ಯತ್ಯಾಸದಿಂದ ಭಾಗಿಸಿದರೆ ಇಳಿಜಾರು. ಲೆಕ್ಕಗಳ ಉತ್ತರವೂ ಸರಿಯಾಗಿ ಬರುತ್ತಿದೆ. ಆದರೆ ಅವಳಿಗೆ ಅಷ್ಟಕ್ಕೆ ಸಮಾಧಾನವಿಲ್ಲ. "ರೇಖೆಯ ಮೇಲೆ ಲೆಕ್ಕವಿಲ್ಲದಷ್ಟು ಬಿಂದುಗಳಿವೆ. ನಾನು ಯಾವುದೋ ಎರಡನ್ನು ಹಿಡಿಯುತ್ತೇನೆ, ಪಕ್ಕದವಳು ಬೇರೆ ಎರಡನ್ನು ಹಿಡಿಯುತ್ತಾಳೆ. ಇಬ್ಬರಿಗೂ ಒಂದೇ ಉತ್ತರ ಬರಲೇಬೇಕು ಎಂದು ಯಾರು ಹೇಳಿದರು?" ಎಂದು ಕೇಳುತ್ತಾಳೆ. ಇನ್ನೊಂದು ಪ್ರಶ್ನೆ: ವೈ ಏಕೆ ಮೇಲೆ, ಎಕ್ಸ್ ಏಕೆ ಕೆಳಗೆ? ತಿರುಗಿಸಿ ಬರೆದರೆ ಏನು ತಪ್ಪು?

ತರಗತಿಯಲ್ಲಿ ಇದನ್ನೆಲ್ಲ ಕೇಳಲು ಅವಳಿಗೆ ಸಂಕೋಚ. ಪ್ರಶ್ನೆಗಳು ಚೆನ್ನಾಗಿವೆ ಎಂದು ನನಗೆ ಅನ್ನಿಸಿತು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ತಿಳಿದವರು ಸೂತ್ರವನ್ನು ಮತ್ತೊಮ್ಮೆ ಹೇಳುವ ಬದಲು ಅದರ ಹಿಂದಿನ ಕಾರಣವನ್ನು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಗಣಿತ ಉಪನ್ಯಾಸಕ, ತುಮಕೂರು

ನಿಮ್ಮ ಮಗಳು ಕೇಳಿದ ಮೊದಲ ಪ್ರಶ್ನೆ ಇಡೀ ಅಧ್ಯಾಯದ ಬುನಾದಿ. ಅದನ್ನು ದಾಟಿಸಿ ಸೂತ್ರ ಕಲಿಸಿದರೆ ಮಕ್ಕಳು ಲೆಕ್ಕ ಮಾಡುತ್ತಾರೆ, ಆದರೆ ಏನನ್ನು ಅಳೆದೆವು ಎಂಬುದು ಅವರಿಗೆ ತಿಳಿದಿರುವುದಿಲ್ಲ. ನಿಧಾನವಾಗಿ ನೋಡೋಣ.

ನಕ್ಷೆ ಹಾಳೆಯ ಮೇಲೆ (1, 2), (3, 5), (7, 11) ಈ ಮೂರು ಬಿಂದುಗಳನ್ನು ಗುರುತಿಸಲಿ. ಸ್ಕೇಲ್ ಇಟ್ಟು ನೋಡಿದರೆ ಮೂರೂ ಒಂದೇ ಗೆರೆಯ ಮೇಲಿವೆ. ಮೊದಲನೆಯದರಿಂದ ಎರಡನೆಯದಕ್ಕೆ ಹೋಗಲು ಬಲಕ್ಕೆ 2 ಮನೆ, ಮೇಲಕ್ಕೆ 3 ಮನೆ. ಅನುಪಾತ 3/2. ಎರಡನೆಯದರಿಂದ ಮೂರನೆಯದಕ್ಕೆ ಬಲಕ್ಕೆ 4, ಮೇಲಕ್ಕೆ 6. ಅನುಪಾತ 6/4, ಅಂದರೆ ಮತ್ತೆ 3/2. ಮೊದಲನೆಯದರಿಂದ ನೇರವಾಗಿ ಮೂರನೆಯದಕ್ಕೆ ಹೋದರೆ ಬಲಕ್ಕೆ 6, ಮೇಲಕ್ಕೆ 9. ಅದೂ 3/2.

ಇದು ಈ ಮೂರು ಬಿಂದುಗಳ ಅದೃಷ್ಟವಲ್ಲ. ಪ್ರತಿ ಸಲವೂ ಅಡ್ಡಗೆರೆ, ನಿಲುವುಗೆರೆ ಮತ್ತು ನಮ್ಮ ರೇಖೆಯ ತುಂಡು ಸೇರಿ ಒಂದು ಲಂಬಕೋನ ತ್ರಿಭುಜವಾಗುತ್ತದೆ. ಅಡ್ಡಗೆರೆಗಳೆಲ್ಲ ಒಂದಕ್ಕೊಂದು ಸಮಾಂತರವಾದ ಕಾರಣ ನಮ್ಮ ರೇಖೆ ಅವೆಲ್ಲವನ್ನೂ ಒಂದೇ ಕೋನದಲ್ಲಿ ಕತ್ತರಿಸುತ್ತದೆ. ಒಂದು ಕೋನ 90 ಡಿಗ್ರಿ, ಇನ್ನೊಂದು ಎಲ್ಲ ತ್ರಿಭುಜಗಳಲ್ಲೂ ಸಮ. ಅಂದ ಮೇಲೆ ತ್ರಿಭುಜಗಳೆಲ್ಲ ಸಮರೂಪ. ಸಮರೂಪ ತ್ರಿಭುಜಗಳ ಅನುರೂಪ ಬಾಹುಗಳ ಅನುಪಾತ ಒಂದೇ ಎಂದು ಅವಳು ಹತ್ತನೇ ತರಗತಿಯಲ್ಲೇ ಓದಿದ್ದಾಳೆ. ಏರಿಕೆಯನ್ನು ಅಡ್ಡ ಸಾಗಿದ ದೂರದಿಂದ ಭಾಗಿಸಿದ ಬೆಲೆ ಎಲ್ಲಿ ಅಳೆದರೂ ಒಂದೇ ಆಗುವುದು ಇದರಿಂದಲೇ.

ಈಗ ಇದನ್ನೇ ತಿರುವಿ ನೋಡಲಿ. ವೈ = ಎಕ್ಸ್ ವರ್ಗ ಎಂಬ ವಕ್ರರೇಖೆಯ ಮೇಲೆ (1, 1), (2, 4), (3, 9) ಇವೆ. ಮೊದಲೆರಡರ ನಡುವೆ ಅನುಪಾತ 3, ಮುಂದಿನ ಎರಡರ ನಡುವೆ 5. ಬೆಲೆ ಬದಲಾಯಿತು, ಆದ್ದರಿಂದ ಅದು ಸರಳ ರೇಖೆಯಲ್ಲ. ಯಾವ ಎರಡು ಬಿಂದು ಹಿಡಿದರೂ ಇಳಿಜಾರು ಬದಲಾಗದೆ ನಿಲ್ಲುವುದೇ ರೇಖೆ ನೇರವಾಗಿದೆ ಎಂಬುದಕ್ಕೆ ಗಣಿತ ಕೊಡುವ ಅರ್ಥ.

ಹಾಸನದ ತಾಯಿ

ಮೂರು ತ್ರಿಭುಜಗಳನ್ನೂ ಅವಳು ಬೇರೆ ಬೇರೆ ಬಣ್ಣದ ಪೆನ್ಸಿಲ್‌ನಲ್ಲಿ ಬರೆದು ನೋಡಿದಳು. ಸಮರೂಪತೆಯ ಪಾಠ ಇಲ್ಲಿಗೆ ಬರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲವಂತೆ. ಎರಡನೇ ಪ್ರಶ್ನೆಗೂ ದಯವಿಟ್ಟು ಯಾರಾದರೂ ಉತ್ತರಿಸಿ.

ಪ್ರಯಾಣಿಕ, ಬೆಂಗಳೂರು

ನಾನು ಲೆಕ್ಕಪತ್ರದ ಕೆಲಸ ಮಾಡುವವನು, ಜ್ಯಾಮಿತಿಯಿಂದ ದೂರ. ನನಗೆ ಇಳಿಜಾರು ಅರ್ಥವಾಗಿರುವುದು ದರದ ರೂಪದಲ್ಲಿ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಆಟೋ ಮೀಟರ್ ದರ ಮೊದಲ 2 ಕಿಲೋಮೀಟರ್‌ಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರ್‌ಗೆ 18 ರೂಪಾಯಿ. ದೂರವನ್ನು ಎಕ್ಸ್ ಅಕ್ಷದಲ್ಲೂ ಬಾಡಿಗೆಯನ್ನು ವೈ ಅಕ್ಷದಲ್ಲೂ ಇಡಿ. 5 ಕಿಲೋಮೀಟರ್‌ಗೆ 90 ರೂಪಾಯಿ, 9 ಕಿಲೋಮೀಟರ್‌ಗೆ 162 ರೂಪಾಯಿ. ವ್ಯತ್ಯಾಸ 72 ರೂಪಾಯಿ, 4 ಕಿಲೋಮೀಟರ್. ಭಾಗಿಸಿದರೆ 18. ಇಳಿಜಾರು ಎಂದರೆ ಇಲ್ಲಿ ಕಿಲೋಮೀಟರ್‌ಗೆ ಇಷ್ಟು ರೂಪಾಯಿ ಎನ್ನುವ ಮಾತು.

ವೈ ಏಕೆ ಮೇಲೆ ಎಂಬುದಕ್ಕೂ ಇದರಲ್ಲೇ ಉತ್ತರವಿದೆ. ದೂರ ಒಂದು ಹೆಜ್ಜೆ ಹೆಚ್ಚಿದರೆ ಬಾಡಿಗೆ ಎಷ್ಟು ಹೆಚ್ಚುತ್ತದೆ ಎಂದು ನಾವು ಕೇಳುತ್ತಿದ್ದೇವೆ. ತಿರುಗಿಸಿ ಬರೆದರೆ 1/18 ಬರುತ್ತದೆ. ಅದು ಒಂದು ರೂಪಾಯಿಗೆ ಎಷ್ಟು ಕಿಲೋಮೀಟರ್ ಎಂಬ ಬೇರೆ ಪ್ರಶ್ನೆಯ ಉತ್ತರ. ತಪ್ಪೇನಲ್ಲ, ನಾವು ಕೇಳಿದ ಪ್ರಶ್ನೆ ಅದಲ್ಲ ಅಷ್ಟೇ.

ಈ ದರದಲ್ಲಿ ನನಗೆ ಇಷ್ಟವಾದ ಸಂಗತಿ ಒಂದಿದೆ. 2 ಕಿಲೋಮೀಟರ್‌ನಿಂದ ಆಚೆಯ ರೇಖೆಯನ್ನು ಹಿಂದಕ್ಕೆ ಎಳೆದರೆ ಅದು ಸರಿಯಾಗಿ ಮೂಲಬಿಂದುವಿನ ಮೂಲಕ ಹೋಗುತ್ತದೆ, ಏಕೆಂದರೆ 36 ಎನ್ನುವುದು 18ರ ಎರಡರಷ್ಟು. 2021ರ ಡಿಸೆಂಬರ್‌ನಲ್ಲಿ ಬಂದ ಹಳೆಯ ದರವೂ 30 ಮತ್ತು 15, ಅದೇ ಕಟ್ಟು. ಆದರೆ 2 ಕಿಲೋಮೀಟರ್‌ನ ಒಳಗೆ ಎಷ್ಟು ಹೋದರೂ 36 ರೂಪಾಯಿ. ಅಲ್ಲಿ ನಕ್ಷೆ ಮಟ್ಟಸವಾಗಿ ಮಲಗಿರುತ್ತದೆ, ಇಳಿಜಾರು ಸೊನ್ನೆ. ರಾತ್ರಿ ಒಂದೂವರೆ ಪಟ್ಟು ದರವಿರುವಾಗ ಇಳಿಜಾರು 27. ಒಂದೇ ನಕ್ಷೆಯಲ್ಲಿ ಹಗಲಿನ ರೇಖೆ, ರಾತ್ರಿಯ ರೇಖೆ ಎರಡನ್ನೂ ಬರೆಯಲು ಮಗಳಿಗೆ ಹೇಳಿ. ಯಾವುದು ಹೆಚ್ಚು ಕಡಿದು ಎಂದು ಕಣ್ಣಿಗೇ ಕಾಣುತ್ತದೆ.

ಪ್ರಥಮ ಪಿಯು, ಧಾರವಾಡ

ನಾನೂ ಇದೇ ಪಾಠದಲ್ಲಿದ್ದೇನೆ. ನಮಗೆ ಇಳಿಜಾರು ಎಂದರೆ ರೇಖೆಯು ಎಕ್ಸ್ ಅಕ್ಷದ ಧನ ದಿಕ್ಕಿನೊಂದಿಗೆ ಮಾಡುವ ಕೋನದ ಟ್ಯಾನ್ (ಲಂಬಕೋನ ತ್ರಿಭುಜದಲ್ಲಿ ಕೋನದ ಎದುರಿನ ಬಾಹುವನ್ನು ಪಕ್ಕದ ಬಾಹುವಿನಿಂದ ಭಾಗಿಸಿದ ಬೆಲೆ) ಎಂದು ಹೇಳಿಕೊಟ್ಟಿದ್ದಾರೆ. ಆಟೋ ಬಾಡಿಗೆಯಲ್ಲಿ ಕೋನ ಎಲ್ಲಿಂದ ಬಂತು? ಟ್ಯಾನ್ ಎಷ್ಟಾದಾಗ 18 ಎಂದು ಕ್ಯಾಲ್ಕ್ಯುಲೇಟರ್‌ನಲ್ಲಿ ನೋಡಿದರೆ ಸುಮಾರು 86.8 ಡಿಗ್ರಿ ಬರುತ್ತದೆ. ಆದರೆ ನನ್ನ ನಕ್ಷೆಯಲ್ಲಿ ರೇಖೆ ಅಷ್ಟು ಕಡಿದಾಗಿ ಕಾಣುವುದಿಲ್ಲ.

ಗಣಿತ ಉಪನ್ಯಾಸಕ, ತುಮಕೂರು

ಬಹಳ ಜನರನ್ನು ದಾರಿ ತಪ್ಪಿಸುವ ಜಾಗಕ್ಕೇ ಬಂದಿದ್ದೀರಿ. ಎರಡೂ ಅಕ್ಷಗಳ ಮೇಲೆ ಒಂದೇ ಪ್ರಮಾಣ ಇದ್ದಾಗ ಮಾತ್ರ, ಅಂದರೆ ಎಕ್ಸ್‌ನ ಒಂದು ಮಾನವೂ ವೈನ ಒಂದು ಮಾನವೂ ಹಾಳೆಯ ಮೇಲೆ ಸಮ ಉದ್ದವಾಗಿದ್ದಾಗ ಮಾತ್ರ, ಕಣ್ಣಿಗೆ ಕಾಣುವ ಕೋನದ ಟ್ಯಾನ್ ಇಳಿಜಾರಿಗೆ ಸಮ. ಬಾಡಿಗೆಯ ನಕ್ಷೆಯಲ್ಲಿ 1 ಸೆಂಟಿಮೀಟರ್‌ಗೆ 1 ಕಿಲೋಮೀಟರ್, 1 ಸೆಂಟಿಮೀಟರ್‌ಗೆ 18 ರೂಪಾಯಿ ಎಂದು ಪ್ರಮಾಣ ಇಟ್ಟರೆ ರೇಖೆ 45 ಡಿಗ್ರಿಗೆ ನಿಲ್ಲುತ್ತದೆ. 1 ಸೆಂಟಿಮೀಟರ್‌ಗೆ 9 ರೂಪಾಯಿ ಇಟ್ಟರೆ ಸುಮಾರು 63 ಡಿಗ್ರಿ. 36 ರೂಪಾಯಿ ಇಟ್ಟರೆ 27 ಡಿಗ್ರಿಯಷ್ಟೂ ಇಲ್ಲ. ಮೂರರಲ್ಲೂ ಇಳಿಜಾರು 18 ರೂಪಾಯಿ ಪ್ರತಿ ಕಿಲೋಮೀಟರ್. ಬದಲಾದದ್ದು ಚಿತ್ರ, ದರವಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ: ಪಾಠವನ್ನು ಟ್ಯಾನ್‌ನಿಂದ ಆರಂಭಿಸಬಾರದು. ಮೊದಲು ಬದಲಾವಣೆಗಳ ಅನುಪಾತ, ಆಮೇಲೆ ಕೋನ. ಅನುಪಾತ ಎಲ್ಲೆಡೆ ಸಲ್ಲುತ್ತದೆ. ಕೋನಕ್ಕೆ ಎರಡು ಅಕ್ಷಗಳೂ ಒಂದೇ ಜಾತಿಯ ಅಳತೆಯಾಗಿರಬೇಕು.

ಕಾಲುವೆ ಎಂಜಿನಿಯರ್

ಒಪ್ಪುವುದಿಲ್ಲ ಎಂದಲ್ಲ, ಆದರೆ ಒಂದು ಮಾತು ಸೇರಿಸಬೇಕು. ನೆಲದ ಮೇಲೆ ಕೆಲಸ ಮಾಡುವ ನಮಗೆ ಎರಡೂ ಅಳತೆ ಮೀಟರ್‌ಗಳೇ. ಆದ್ದರಿಂದ ಕೋನ ನಿಜವಾದದ್ದು, ಕೈಯಲ್ಲಿ ಹಿಡಿದು ತೋರಿಸಬಹುದಾದದ್ದು. ಮಣ್ಣು ಯಾವ ಕೋನದಲ್ಲಿ ಜಾರದೆ ನಿಲ್ಲುತ್ತದೆ ಎಂಬುದರ ಮೇಲೆ ಕೆರೆ ಏರಿಯ ಬದುಕು ನಿಂತಿದೆ. ಕೋನವನ್ನು ಎರಡನೇ ಸ್ಥಾನಕ್ಕೆ ತಳ್ಳಿದರೆ ಸಿವಿಲ್ ಓದಲು ಬರುವ ಮಕ್ಕಳು ತೊಂದರೆಗೆ ಬೀಳುತ್ತಾರೆ.

ವೈ ಮೇಲೆ, ಎಕ್ಸ್ ಕೆಳಗೆ ಎನ್ನುವ ವಾಡಿಕೆ ಎಲ್ಲ ಕಡೆಯೂ ಇಲ್ಲ ಎಂದೂ ಮಗಳಿಗೆ ಹೇಳಿ. ಕಾಲುವೆಯ ದಡ, ಕೆರೆ ಏರಿ ಇವುಗಳ ಪಾರ್ಶ್ವದ ಇಳಿಜಾರನ್ನು ನಾವು ಅಡ್ಡ ಅಳತೆ ಮೊದಲು, ನಿಲುವು ಆಮೇಲೆ ಎಂದು ಹೇಳುತ್ತೇವೆ. ನಕ್ಷೆಯಲ್ಲಿ 2:1 ಎಂದಿದ್ದರೆ ಅಡ್ಡಕ್ಕೆ 2 ಮೀಟರ್ ಹೋದಾಗ ಎತ್ತರ 1 ಮೀಟರ್ ಏರುತ್ತದೆ. ಗಣಿತದ ಮೇಷ್ಟ್ರ ಲೆಕ್ಕದಲ್ಲಿ ಅದರ ಇಳಿಜಾರು 1/2. 1.5:1 ಎಂದಿದ್ದರೆ 2/3. ಈ ಎರಡರಲ್ಲಿ ಯಾವುದು ಕಡಿದು ಎಂದು ಕೇಳಿದರೆ ಹೊಸಬರು 2:1 ಎಂದುಬಿಡುತ್ತಾರೆ, ದೊಡ್ಡ ಅಂಕಿ ಕಂಡ ಕೂಡಲೇ. ಕಡಿದಾದದ್ದು 1.5:1.

ರೈಲ್ವೆಯಿಂದ ನಿವೃತ್ತ

ನಮ್ಮಲ್ಲಿ ಮತ್ತೊಂದು ರೀತಿ: ಇಷ್ಟಕ್ಕೆ ಒಂದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವ ಘಟ್ಟದ ದಾರಿಯಲ್ಲಿ 50ಕ್ಕೆ 1. ಅಂದರೆ 1 ಕಿಲೋಮೀಟರ್ ಸಾಗಿದರೆ 20 ಮೀಟರ್ ಏರಿಳಿತ, ಇಳಿಜಾರು 0.02. ಕ್ಯಾಸಲ್‌ರಾಕ್‌ನಿಂದ ಗೋವೆಯ ಕುಳೆಂ ಕಡೆಗೆ ಇಳಿಯುವ ಘಟ್ಟದಲ್ಲಿ 37ಕ್ಕೆ 1, ಸುಮಾರು 0.027. ಈ ಎರಡರ ನಡುವಿನ ವ್ಯತ್ಯಾಸ ಕಾಗದದ ಮೇಲೆ ಏನೂ ಅಲ್ಲ ಎನಿಸುತ್ತದೆ. ಹಳಿಯ ಮೇಲೆ ಅದು ಎಂಜಿನ್‌ಗಳ ಸಂಖ್ಯೆಯನ್ನೂ ಎಳೆಯಬಹುದಾದ ತೂಕವನ್ನೂ ಇಳಿಯುವ ವೇಗವನ್ನೂ ನಿರ್ಧರಿಸುತ್ತದೆ. ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಉರುಳುವಾಗ ಹಿಡಿತ ಕಡಿಮೆ. ಆದ್ದರಿಂದಲೇ ಘಟ್ಟದಲ್ಲಿ ಗಾಡಿಗೆ ಹಿಂದಿನಿಂದ ಹೆಚ್ಚುವರಿ ಎಂಜಿನ್ ಕಟ್ಟುತ್ತಾರೆ. ನೀಲಗಿರಿಯ ರೈಲಿನಲ್ಲಿ ಕಲ್ಲಾರ್‌ನಿಂದ ಕೂನೂರಿನವರೆಗೆ ಹೆಚ್ಚುಕಡಿಮೆ 12ಕ್ಕೆ 1ರಷ್ಟು ಕಡಿದು. ಅಲ್ಲಿ ಬರೀ ಚಕ್ರದ ಹಿಡಿತ ಸಾಲದೆಂದು ನಡುವೆ ಹಲ್ಲುಹಳಿ ಹಾಕಿ, ಎಂಜಿನ್‌ನ ಹಲ್ಲುಗಾಲಿ ಅದನ್ನು ಕಚ್ಚಿಕೊಂಡು ಏರುವಂತೆ ಮಾಡಿದ್ದಾರೆ.

ವಿದ್ಯಾರ್ಥಿಗೆ ಒಂದು ಸೂಕ್ಷ್ಮ: ನಾವು ಅಳೆಯುವ ಉದ್ದ ಹಳಿಯ ಮೇಲಿನದು, ಅಂದರೆ ತ್ರಿಭುಜದ ಕರ್ಣ. ಗಣಿತದ ಇಳಿಜಾರಿಗೆ ಅಡ್ಡ ಬಾಹು ಬೇಕು. ಹಾಗಾದರೆ ನಮ್ಮದು ಸೈನ್, ನಿಮ್ಮದು ಟ್ಯಾನ್. 50ಕ್ಕೆ 1ರಲ್ಲಿ ಸೈನ್ 0.02 ಆದರೆ ಟ್ಯಾನ್ 0.020004. ಇಷ್ಟು ಸಣ್ಣ ಕೋನಕ್ಕೆ ಎರಡೂ ಒಂದೇ ಎಂದು ಧೈರ್ಯವಾಗಿ ಹೇಳಬಹುದು. ಕಡಿದಾದ ಜಾಗದಲ್ಲಿ ಹಾಗೆ ಹೇಳಬಾರದು: 30 ಡಿಗ್ರಿಯಲ್ಲಿ ಸೈನ್ 0.5, ಟ್ಯಾನ್ ಸುಮಾರು 0.577.

ಗಾಲಿಕುರ್ಚಿಯ ಓದುಗ

12ಕ್ಕೆ 1 ಎಂಬ ಅಂಕಿ ನೋಡಿ ಬರೆಯಬೇಕೆನಿಸಿತು. ಕಟ್ಟಡಗಳಿಗೆ ಗಾಲಿಕುರ್ಚಿ ಹೋಗುವ ಇಳಿಜಾರು ದಾರಿಗೆ ಗರಿಷ್ಠ ಮಿತಿಯೆಂದು ಇಟ್ಟಿರುವುದೂ ಅದೇ 12ಕ್ಕೆ 1. ಶೇಕಡಾ 8.33, ಕೋನದಲ್ಲಿ 5 ಡಿಗ್ರಿಗಿಂತ ತುಸು ಕಡಿಮೆ. ರೈಲಿಗೆ ಹಲ್ಲುಹಳಿ ಬೇಕಾಗುವಷ್ಟು ಕಡಿದನ್ನು ನಾವು ತೋಳಿನ ಬಲದಿಂದ ಏರುತ್ತೇವೆ. ಅದಕ್ಕಿಂತ ಕಡಿದು ಮಾಡಬೇಡಿ ಎನ್ನುವುದು ಬರೀ ಕಾಗದದ ನಿಯಮವಲ್ಲ ಎಂದು ಇದರಿಂದ ತಿಳಿಯಬಹುದು.

ನಾನು ಆಗಾಗ ಹೋಗಬೇಕಾದ ಒಂದು ಕಚೇರಿಯಲ್ಲಿ ಬಾಗಿಲಿಗೆ ನಾಲ್ಕು ಮೆಟ್ಟಿಲು, ಒಂದೊಂದು 15 ಸೆಂಟಿಮೀಟರ್. ಒಟ್ಟು ಏರಿಕೆ 60 ಸೆಂಟಿಮೀಟರ್. ಪಕ್ಕದಲ್ಲಿ ಹಾಕಿರುವ ಸಿಮೆಂಟ್ ಇಳಿಜಾರು ನೆಲದ ಮೇಲೆ 2.4 ಮೀಟರ್ ಮಾತ್ರ ಚಾಚಿದೆ. 0.6 ಭಾಗಿಸು 2.4, ಅಂದರೆ 1/4. ಕೋನ 14 ಡಿಗ್ರಿ. ಮುಂದಿನ ಚಕ್ರ ಅದರ ಮೇಲೆ ಏರುತ್ತಿದ್ದಂತೆ ಕುರ್ಚಿ ಹಿಂದಕ್ಕೆ ವಾಲುತ್ತದೆ, ಹಿಂದೆ ಒಬ್ಬರು ಹಿಡಿದು ನಿಲ್ಲದಿದ್ದರೆ ಏರುವಂತಿಲ್ಲ. ಇಳಿಯುವಾಗ ಇನ್ನೂ ಭಯ. 12ಕ್ಕೆ 1 ಬೇಕಿದ್ದರೆ 7.2 ಮೀಟರ್ ಚಾಚಬೇಕಿತ್ತು. ಜಾಗ ಸಾಲದಿದ್ದರೆ ನಡುವೆ ಮಟ್ಟಸ ಜಾಗ ಬಿಟ್ಟು ಮಡಚಿ ಕಟ್ಟಬಹುದಿತ್ತು. ಇಳಿಜಾರು ದಾರಿ ಇದೆ ಎಂದು ಕಡತದಲ್ಲಿ ಗುರುತು ಹಾಕಿದವರು ಒಂದು ಟೇಪ್ ಹಿಡಿದು ಎರಡು ಅಳತೆ ತೆಗೆದು ಭಾಗಿಸಿದ್ದರೆ ಸಾಕಿತ್ತು.

ನಿಮ್ಮ ಮಗಳು ತನ್ನ ಕಾಲೇಜಿನ ಇಳಿಜಾರು ದಾರಿಯನ್ನು ಅಳೆದು ನೋಡಲಿ. ಪಾಠವೂ ಆಗುತ್ತದೆ, ಯಾರಿಗಾದರೂ ಉಪಯೋಗವೂ ಆದೀತು.

ಹಾಸನದ ತಾಯಿ

ಖಂಡಿತ ಅಳೆಯುತ್ತಾಳೆ. ಅಡ್ಡ ಉದ್ದವನ್ನು ಇಳಿಜಾರಿನ ಕೆಳಗೆ ಹೇಗೆ ಅಳೆಯುವುದು ಎಂದು ಈಗಲೇ ಕೇಳುತ್ತಿದ್ದಾಳೆ. ಇಳಿಜಾರಿನ ಮೇಲೆ ಟೇಪ್ ಇಟ್ಟು ಕರ್ಣ ತೆಗೆದುಕೊಂಡು, ಏರಿಕೆಯನ್ನೂ ಅಳೆದು, ಪೈಥಾಗೊರಸ್ ಪ್ರಮೇಯದಿಂದ ಅಡ್ಡ ಬಾಹು ಕಂಡುಹಿಡಿಯುತ್ತೇನೆ ಎಂದು ತಾನೇ ಹೇಳಿದಳು.

ಪ್ರಥಮ ಪಿಯು, ಧಾರವಾಡ

ಚಿಹ್ನೆಯ ಬಗ್ಗೆ ಕೇಳಬೇಕು. ಋಣ ಇಳಿಜಾರು ಎಂದರೆ ರೇಖೆ ಇಳಿಯುತ್ತಿದೆ ಎಂದು ಗೊತ್ತು. ಆದರೆ ಆ ಕಡೆಯಿಂದ ಈ ಕಡೆಗೆ ನೋಡಿದರೆ ಅದೇ ರೇಖೆ ಏರುತ್ತಿದೆಯಲ್ಲ? ಘಟ್ಟದ ದಾರಿಯೂ ಹಾಗೆಯೇ, ಒಂದು ಕಡೆಯಿಂದ ಏರು, ಇನ್ನೊಂದು ಕಡೆಯಿಂದ ಇಳಿಜಾರು.

ಗಣಿತ ಉಪನ್ಯಾಸಕ, ತುಮಕೂರು

ಘಟ್ಟದಲ್ಲಿ ನೀವು ಎರಡೂ ದಿಕ್ಕಿಗೆ ಹೋಗಬಹುದು. ನಕ್ಷೆಯನ್ನು ನಾವು ಯಾವಾಗಲೂ ಎಕ್ಸ್ ಹೆಚ್ಚುವ ದಿಕ್ಕಿನಲ್ಲಿ, ಎಡದಿಂದ ಬಲಕ್ಕೆ ಓದುತ್ತೇವೆ. ಆ ಒಪ್ಪಂದದಿಂದ ಚಿಹ್ನೆ ನಿಶ್ಚಿತವಾಗುತ್ತದೆ. ಇನ್ನೂ ಒಳ್ಳೆಯ ಸಂಗತಿ ಎಂದರೆ ಸೂತ್ರಕ್ಕೆ ನೀವು ಯಾವ ಬಿಂದುವನ್ನು ಮೊದಲು ಕೊಟ್ಟರೂ ಚಿಹ್ನೆ ಬದಲಾಗುವುದಿಲ್ಲ. (1, 7) ಮತ್ತು (4, 1) ತೆಗೆದುಕೊಳ್ಳಿ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಅಂಶ −6, ಛೇದ 3, ಉತ್ತರ −2. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಅಂಶ 6, ಛೇದ −3, ಉತ್ತರ ಮತ್ತೆ −2. ಅಂಶದಲ್ಲಿ ಯಾವ ಕ್ರಮವೋ ಛೇದದಲ್ಲೂ ಅದೇ ಕ್ರಮ ಇರಬೇಕು. ಒಂದರಲ್ಲಿ ಒಂದು ಕ್ರಮ, ಇನ್ನೊಂದರಲ್ಲಿ ಮತ್ತೊಂದು ಕ್ರಮ ಹಿಡಿದರೆ 2 ಬರುತ್ತದೆ. ಪರೀಕ್ಷೆಯಲ್ಲಿ ನಾನು ಅತಿ ಹೆಚ್ಚು ನೋಡುವ ತಪ್ಪು ಇದು. ಲೆಕ್ಕ ಮುಗಿದ ಮೇಲೆ ಎರಡು ಬಿಂದುಗಳನ್ನು ಒರಟಾಗಿ ಗುರುತಿಸಿ, ಬಲಕ್ಕೆ ಹೋದಂತೆ ರೇಖೆ ಏರುತ್ತದೆಯೋ ಇಳಿಯುತ್ತದೆಯೋ ನೋಡಿದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಮಂಡ್ಯದ ರೈತ

ಋಣ ಇಳಿಜಾರು ನಮಗೆ ಬೇಸಿಗೆಯಲ್ಲಿ ದಿನವೂ ಪತ್ರಿಕೆಯಲ್ಲಿ ಸಿಗುತ್ತದೆ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ. ಉದಾಹರಣೆಗೆ ಒಂದು ದಿನ 120 ಅಡಿ ಇದ್ದದ್ದು ಆರು ದಿನ ಕಳೆದ ಮೇಲೆ 117 ಅಡಿಗೆ ಬಂದಿತು ಎಂದುಕೊಳ್ಳಿ. 3 ಅಡಿ ಇಳಿಕೆ, 6 ದಿನ. ಇಳಿಜಾರು ದಿನಕ್ಕೆ −0.5 ಅಡಿ. ಇದೇ ರೀತಿ ಹೋದರೆ ಇನ್ನು ಹತ್ತು ದಿನಕ್ಕೆ 112 ಅಡಿ ಎಂದು ಅಂದಾಜು ಮಾಡಿ ಯಾವ ಬೆಳೆ ಇಡಬೇಕು ಎಂದು ಯೋಚಿಸುತ್ತೇವೆ. ಆದರೆ ನೀರು ಸರಳ ರೇಖೆಯಲ್ಲಿ ಇಳಿಯುವುದಿಲ್ಲ. ಕೆಳಗೆ ಹೋದಂತೆ ಜಲಾಶಯ ಕಿರಿದಾಗುತ್ತದೆ, ಅಷ್ಟೇ ನೀರು ಬಿಟ್ಟರೂ ಮಟ್ಟ ಬೇಗ ಬೇಗ ಕುಸಿಯುತ್ತದೆ. ಆಗ ಈ ಇಳಿಜಾರಿಗೆ ಅರ್ಥವಿದೆಯೇ?

ಗಣಿತ ಉಪನ್ಯಾಸಕ, ತುಮಕೂರು

ಇದೆ. ಅದು ಆ ಆರು ದಿನಗಳ ಸರಾಸರಿ ದರ. ರೇಖೆ ನೇರವಾಗಿದ್ದರೆ ಸರಾಸರಿ ದರವೂ ಪ್ರತಿ ಕ್ಷಣದ ದರವೂ ಒಂದೇ. ವಕ್ರವಾಗಿದ್ದರೆ ಬೇರೆ ಬೇರೆ. ಎರಡು ಬಿಂದುಗಳನ್ನು ಹತ್ತಿರ ಹತ್ತಿರ ತಂದಂತೆ ಸರಾಸರಿ ದರ ಆ ಕ್ಷಣದ ದರಕ್ಕೆ ಸಮೀಪಿಸುತ್ತದೆ. ನಿಮ್ಮ ಪ್ರಶ್ನೆಯೇ ಬೆಳೆದು ಕಲನಶಾಸ್ತ್ರವಾಗುತ್ತದೆ. ಭೌತಶಾಸ್ತ್ರದಲ್ಲಿ ದೂರ–ಕಾಲ ನಕ್ಷೆಯ ಇಳಿಜಾರು ವೇಗ, ವೇಗ–ಕಾಲ ನಕ್ಷೆಯ ಇಳಿಜಾರು ವೇಗೋತ್ಕರ್ಷ ಎಂದು ಮಕ್ಕಳು ಓದುವುದೂ ಇದನ್ನೇ.

ಇತಿಹಾಸದ ಓದುಗರು

ಸಣ್ಣ ಸೇರ್ಪಡೆ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದಲ್ಲಿ ನೆರಳಿನ ಲೆಕ್ಕಗಳಿಗೇ ಒಂದು ಅಧ್ಯಾಯವಿದೆ. ಒಂದೇ ಹೊತ್ತಿನಲ್ಲಿ ನಿಲ್ಲಿಸಿದ 1 ಮೀಟರ್ ಕೋಲಿನ ನೆರಳು 2 ಮೀಟರ್ ಇದ್ದರೆ 5 ಮೀಟರ್ ಕಂಬದ ನೆರಳು 10 ಮೀಟರ್. ಬಿಸಿಲಿನ ಕಿರಣಗಳು ಸಮಾಂತರವಾದ್ದರಿಂದ ಎಲ್ಲ ಕಡೆ ಎತ್ತರ ಮತ್ತು ನೆರಳಿನ ಅನುಪಾತ ಒಂದೇ. ಅಕ್ಷಗಳು, ನಿರ್ದೇಶಾಂಕಗಳು ಬರುವುದಕ್ಕೆ ಬಹಳ ಮೊದಲೇ ಜನ ಕಿರಣದ ಇಳಿಜಾರನ್ನು ಅಳೆದು ದೂರ, ಎತ್ತರ ಕಂಡುಹಿಡಿಯುತ್ತಿದ್ದರು. ಅಂಗಳದಲ್ಲಿ ಎರಡು ಕೋಲು ನೆಟ್ಟು ಮಗಳು ಪರೀಕ್ಷಿಸಬಹುದು.

ಪ್ರಥಮ ಪಿಯು, ಧಾರವಾಡ

ಇನ್ನೊಂದು ಗೊಂದಲ. ನೆಟ್ಟಗೆ ನಿಂತ ರೇಖೆಯ ಇಳಿಜಾರು ಅನಂತ ಎಂದು ನನ್ನ ಸ್ನೇಹಿತ ಬರೆಯುತ್ತಾನೆ. ಪುಸ್ತಕದಲ್ಲಿ ವ್ಯಾಖ್ಯಾನಿಸಲು ಬರುವುದಿಲ್ಲ ಎಂದಿದೆ. ಎರಡೂ ಒಂದೇ ಅಲ್ಲವೇ?

ಕಾಲುವೆ ಎಂಜಿನಿಯರ್

ಕೆಲಸದ ಮಟ್ಟಿಗೆ ನಾವೂ ಅನಂತ ಎಂದೇ ಮಾತಾಡುತ್ತೇವೆ. ಗೋಡೆ ಗೋಡೆಯೇ.

ಗಣಿತ ಉಪನ್ಯಾಸಕ, ತುಮಕೂರು

ಮಾತಿಗೆ ಅಡ್ಡಿಯಿಲ್ಲ, ಉತ್ತರ ಪತ್ರಿಕೆಯಲ್ಲಿ ಬೇಡ. ಕಾರಣ ಹೀಗಿದೆ. ಮೂಲಬಿಂದುವಿನ ಮೂಲಕ ಬಲಕ್ಕೆ ಸ್ವಲ್ಪ ವಾಲಿದ ರೇಖೆಯೊಂದನ್ನು ಎಳೆದು ನಿಧಾನವಾಗಿ ನೆಟ್ಟಗೆ ಮಾಡುತ್ತಾ ಹೋಗಿ. ಇಳಿಜಾರು 10, 100, 1000 ಎಂದು ಬೆಳೆಯುತ್ತದೆ. ಈಗ ಎಡಕ್ಕೆ ವಾಲಿದ ರೇಖೆಯನ್ನು ನೆಟ್ಟಗೆ ಮಾಡುತ್ತಾ ಬನ್ನಿ: −10, −100, −1000. ಎರಡೂ ಕೊನೆಗೆ ತಲುಪುವುದು ಒಂದೇ ನೆಟ್ಟನೆಯ ರೇಖೆಯನ್ನು. ಒಂದು ಕಡೆಯಿಂದ ಬಂದವರು ಧನ ಅನಂತ ಎನ್ನಬೇಕು, ಇನ್ನೊಂದು ಕಡೆಯಿಂದ ಬಂದವರು ಋಣ ಅನಂತ ಎನ್ನಬೇಕು. ಹೀಗಿರುವಾಗ ಆ ರೇಖೆಗೆ ಇಳಿಜಾರಿನ ಒಂದು ಬೆಲೆ ಕೊಡಲು ಸಾಧ್ಯವಿಲ್ಲ. ಸೂತ್ರದಲ್ಲೂ ಛೇದ ಸೊನ್ನೆಯಾಗಿ ಭಾಗಾಕಾರ ನಿಂತುಹೋಗುತ್ತದೆ.

ಇಳಿಜಾರು ಇಲ್ಲದಿದ್ದರೂ ರೇಖೆಗೆ ಸಮೀಕರಣ ಇದೆ: ಎಕ್ಸ್ = 3 ಎಂದು ನೇರವಾಗಿ ಬರೆಯಬಹುದು. ವೈ = ಎಂ ಎಕ್ಸ್ + ಸಿ ರೂಪದಲ್ಲಿ (ಎಂ ಎಂದರೆ ಇಳಿಜಾರು, ಸಿ ಎಂದರೆ ರೇಖೆ ವೈ ಅಕ್ಷವನ್ನು ಕತ್ತರಿಸುವ ಬೆಲೆ) ಮಾತ್ರ ಅದನ್ನು ಬರೆಯಲು ಆಗುವುದಿಲ್ಲ. ಪುಸ್ತಕದಲ್ಲಿ ಎ ಎಕ್ಸ್ + ಬಿ ವೈ + ಸಿ = 0 ಎಂಬ ಸಾಮಾನ್ಯ ರೂಪ ಏಕೆ ಬೇಕು ಎಂಬುದು ಇಲ್ಲಿ ತಿಳಿಯುತ್ತದೆ. ಬಿ ಸೊನ್ನೆಯಾದರೆ ನೆಟ್ಟನೆಯ ರೇಖೆ, ಅಲ್ಲದಿದ್ದರೆ ಇಳಿಜಾರು −ಎ/ಬಿ. ಉದಾಹರಣೆಗೆ 3 ಎಕ್ಸ್ − 4 ವೈ + 12 = 0. ವೈ ಒಂದನ್ನೇ ಬಿಡಿಸಿದರೆ ವೈ = (3/4) ಎಕ್ಸ್ + 3. ಇಳಿಜಾರು 3/4. ನಂಬಿಕೆ ಬರದಿದ್ದರೆ ರೇಖೆ ಅಕ್ಷಗಳನ್ನು ಎಲ್ಲಿ ಕತ್ತರಿಸುತ್ತದೆ ನೋಡಿ: (−4, 0) ಮತ್ತು (0, 3). ಬಲಕ್ಕೆ 4, ಮೇಲಕ್ಕೆ 3.

ಹಾಸನದ ತಾಯಿ

ಮಗಳು ಪಕ್ಕದಲ್ಲೇ ಕುಳಿತು ಎಲ್ಲವನ್ನೂ ಓದುತ್ತಿದ್ದಾಳೆ. ಅವಳ ಪ್ರಶ್ನೆ: ಸಮಾಂತರ ರೇಖೆಗಳ ಇಳಿಜಾರು ಸಮ ಎನ್ನುವುದು ನೋಡಿದರೇ ತಿಳಿಯುತ್ತದೆ. ಆದರೆ ಒಂದಕ್ಕೊಂದು ಲಂಬವಾದ ರೇಖೆಗಳ ಇಳಿಜಾರುಗಳ ಗುಣಲಬ್ಧ −1 ಎಂದು ಎಲ್ಲಿಂದ ಬಂತು? ಪುಸ್ತಕದಲ್ಲಿ ಟ್ಯಾನ್ ಸೂತ್ರ ಹಾಕಿ ಸಾಧಿಸಿದ್ದಾರೆ, ಸಾಧನೆ ಅರ್ಥವಾಗಿದೆ, ಆದರೆ ಕಣ್ಣಿಗೆ ಕಾಣುತ್ತಿಲ್ಲವಂತೆ.

ಕಾಲುವೆ ಎಂಜಿನಿಯರ್

ಇದಕ್ಕೆ ನಾನು ಉತ್ತರಿಸುತ್ತೇನೆ, ತಾಂತ್ರಿಕ ಶಿಕ್ಷಣದಲ್ಲಿ ನನಗೆ ಬಹಳ ಹಿಡಿಸಿದ ವಿಷಯ ಇದು. ರೇಖೆಯ ಮೇಲೆ ಬಲಕ್ಕೆ 3, ಮೇಲಕ್ಕೆ 2 ಹೋಗುವ ಒಂದು ಲಂಬಕೋನ ತ್ರಿಭುಜವನ್ನು ರಟ್ಟಿನಲ್ಲಿ ಕತ್ತರಿಸಿಕೊಳ್ಳಲಿ. ಇಳಿಜಾರು 2/3. ಈಗ ಆ ರಟ್ಟನ್ನು ಎಡಕ್ಕೆ ಸರಿಯಾಗಿ 90 ಡಿಗ್ರಿ ತಿರುಗಿಸಲಿ. ಬಲಕ್ಕೆ ಮಲಗಿದ್ದ 3ರ ಬಾಹು ಮೇಲಕ್ಕೆ ನಿಲ್ಲುತ್ತದೆ. ಮೇಲಕ್ಕೆ ನಿಂತಿದ್ದ 2ರ ಬಾಹು ಎಡಕ್ಕೆ ಮಲಗುತ್ತದೆ. ಕರ್ಣ ಮೊದಲಿನ ರೇಖೆಗೆ ಲಂಬವಾಗುತ್ತದೆ. ಈಗ ಏರಿಕೆ 3, ಅಡ್ಡ −2. ಇಳಿಜಾರು −3/2. ಮೇಲಿನದು ಕೆಳಗೆ ಬಂತು, ಕೆಳಗಿನದು ಮೇಲೆ ಹೋಯಿತು, ಒಂದರ ಚಿಹ್ನೆ ಬದಲಾಯಿತು. ಗುಣಿಸಿದರೆ −1 ಬಿಟ್ಟು ಬೇರೇನೂ ಬರಲಾರದು.

ಎಚ್ಚರ: ಈ ಮೊದಲು ಹೇಳಿದ ಪ್ರಮಾಣದ ಮಾತು ಇಲ್ಲಿಯೂ ಅನ್ವಯಿಸುತ್ತದೆ. ಎರಡು ಅಕ್ಷಗಳ ಪ್ರಮಾಣ ಬೇರೆ ಇದ್ದರೆ ಇಳಿಜಾರು 2 ಮತ್ತು −1/2 ಇರುವ ರೇಖೆಗಳು ಹಾಳೆಯ ಮೇಲೆ ಲಂಬವಾಗಿ ಕಾಣುವುದಿಲ್ಲ. ಮೊಬೈಲ್‌ನಲ್ಲಿ ನಕ್ಷೆ ಬರೆಯುವ ತಂತ್ರಾಂಶಗಳು ಪರದೆಗೆ ಹೊಂದುವಂತೆ ಪ್ರಮಾಣವನ್ನು ತಾವೇ ಹಿಗ್ಗಿಸಬಹುದು. ಅದನ್ನು ಮೊದಲು ಸಮ ಮಾಡಿಕೊಂಡು ನೋಡಬೇಕು.

ಗಣಿತ ಉಪನ್ಯಾಸಕ, ತುಮಕೂರು

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಒಂದು ಮಾತ್ರ ಸೇರಿಸುತ್ತೇನೆ: ಅಕ್ಷಗಳಿಗೇ ಸಮಾಂತರವಾದ ಜೋಡಿಗೆ ಈ ನಿಯಮ ಅನ್ವಯಿಸುವುದಿಲ್ಲ. ಒಂದರ ಇಳಿಜಾರು ಸೊನ್ನೆ, ಇನ್ನೊಂದಕ್ಕೆ ಇಳಿಜಾರೇ ಇಲ್ಲ, ಗುಣಿಸಲು ಏನೂ ಇಲ್ಲ. ಆದರೂ ಅವು ಲಂಬ.

ಮಕ್ಕಳಿಬ್ಬರಿಗೂ ಎರಡು ಲೆಕ್ಕ ಕೊಡುತ್ತೇನೆ. ಒಂದು: (1, 2), (3, 6), (7, 13) ಒಂದೇ ರೇಖೆಯ ಮೇಲಿವೆಯೇ? ಎರಡು: ಎ(−2, 5), ಬಿ(4, 2), ಸಿ(1, −4). ಬಿ ಬಿಂದುವಿನಲ್ಲಿ ಲಂಬಕೋನ ಇದೆಯೇ? ಇದ್ದರೆ ಈ ಮೂರರೊಂದಿಗೆ ಆಯತ ಮಾಡಬಲ್ಲ ನಾಲ್ಕನೆಯ ಬಿಂದು ಯಾವುದು? ಸೂತ್ರಕ್ಕಿಂತ ಹೆಜ್ಜೆ ಎಣಿಸುವುದನ್ನು ಹೆಚ್ಚು ಬಳಸಿ.

ಪ್ರಥಮ ಪಿಯು, ಧಾರವಾಡ

ಮೊದಲನೆಯದು: ಮೊದಲೆರಡರ ನಡುವೆ 4/2, ಅಂದರೆ 2. ಮುಂದಿನ ಎರಡರ ನಡುವೆ 7/4, ಅಂದರೆ 1.75. ಸಮ ಅಲ್ಲ, ಆದ್ದರಿಂದ ಒಂದೇ ರೇಖೆಯ ಮೇಲಿಲ್ಲ. ನಕ್ಷೆಯಲ್ಲಿ ಗುರುತಿಸಿದರೆ ಮಾತ್ರ ನೇರವಾಗಿಯೇ ಇರುವಂತೆ ಕಾಣುತ್ತವೆ. ಮೂರನೆಯ ಬಿಂದು (7, 14) ಆಗಿರಬೇಕಿತ್ತು.

ಎರಡನೆಯದರಲ್ಲಿ ಎಬಿ ಇಳಿಜಾರು −3/6, ಅಂದರೆ −1/2. ಬಿಸಿ ಇಳಿಜಾರು 6/3, ಅಂದರೆ 2. ಗುಣಲಬ್ಧ −1. ಬಿಯಲ್ಲಿ ಲಂಬಕೋನ ಇದೆ.

ಹಾಸನದ ತಾಯಿ

ನಾಲ್ಕನೆಯ ಬಿಂದುವನ್ನು ಮಗಳು ಕಂಡುಹಿಡಿದಳು. ಅವಳು ಹೇಳಿದಂತೆಯೇ ಬರೆಯುತ್ತಿದ್ದೇನೆ. ಬಿಯಿಂದ ಎಗೆ ಹೋಗಲು ಎಡಕ್ಕೆ 6, ಮೇಲಕ್ಕೆ 3. ಸಿಯಿಂದಲೂ ಅಷ್ಟೇ ಹೆಜ್ಜೆ ಹಾಕಿದರೆ (−5, −1). ಎಯಿಂದ ಆ ಬಿಂದುವಿಗೆ ಎಡಕ್ಕೆ 3, ಕೆಳಗೆ 6, ಇಳಿಜಾರು ಮತ್ತೆ 2, ಅಂದರೆ ಬಿಸಿಗೆ ಸಮಾಂತರ. ಆಯತ ಆಯಿತು. ಆದರೆ ಒಂದು ಬಾಹುವಿಗೆ 6 ಮತ್ತು 3, ಇನ್ನೊಂದಕ್ಕೆ 3 ಮತ್ತು 6. ಎರಡರ ಉದ್ದವೂ 45ರ ವರ್ಗಮೂಲ. ಹಾಗಾದರೆ ಇದು ಬರೀ ಆಯತವಲ್ಲ, ಚೌಕ ಎನ್ನುತ್ತಿದ್ದಾಳೆ. ಸರಿಯೇ?

ಗಣಿತ ಉಪನ್ಯಾಸಕ, ತುಮಕೂರು

ಸರಿ. ಲೆಕ್ಕದಲ್ಲಿ ನಾನು ಕೇಳದೆ ಬಿಟ್ಟಿದ್ದನ್ನೂ ಅವಳೇ ಕಂಡಿದ್ದಾಳೆ. ಮುಂದಿನದು ಈ ಚೌಕದ ಎದುರು ಮೂಲೆಗಳನ್ನು ಸೇರಿಸುವ ಎರಡು ಕರ್ಣಗಳ ಇಳಿಜಾರು: ಎಯಿಂದ ಸಿಗೆ −9/3, ಅಂದರೆ −3, ಬಿಯಿಂದ ಅವಳ ನಾಲ್ಕನೆಯ ಬಿಂದುವಿಗೆ 3/9, ಅಂದರೆ 1/3. ಅವುಗಳ ಗುಣಲಬ್ಧ ಎಷ್ಟೆಂದು ನೋಡಲಿ, ಆಮೇಲೆ ಚೌಕವಲ್ಲದ ಆಯತದಲ್ಲಿ ಹಾಗೆ ಬರುತ್ತದೆಯೇ ಎಂದು (0, 0), (4, 0), (4, 2), (0, 2) ಹಿಡಿದು ಪರೀಕ್ಷಿಸಲಿ.